ವಾಮನನ ಬಾಗಿಲಲ್ಲಿ ಕೇಳಿದ ದನಿ

ಇದು ನನ್ನ ದೊಡ್ಡಪ್ಪನ ಮಗ ಗಂಗಾಧರಣ್ಣನಿಗೆ ಆದದ್ದು. ನಾನು ಜೊತೆಗಿದ್ದೆ. ಬಣ್ಣ ಹಚ್ಚಿ ಹೇಳುವುದು ನನಗೆ ಆಗದು.

ಗೋಣಿಬೀಡಿನಲ್ಲಿ ಕಡೇ ಬಸ್ಸಿಳಿದು ನಮ್ಮ ಎಸ್ಟೇಟಿನ ದಾರಿ ಹಿಡಿದಿದ್ದೆವು. ಮಂಜು. ಟಾರ್ಚಿನ ಬೆಳಕು ಪಕ್ಕದ ಕಾಫಿ ಗಿಡದವರೆಗೂ ಹೋಗುತ್ತಿರಲಿಲ್ಲ. ಆಲದ ಬುಡದ ಹಾಳು ಬಾವಿ ಹತ್ತಿರವಾಯಿತು... ಒಳಗೆಲ್ಲೋ ನೀರು ತೊಟ್ಟಿಕ್ಕುತ್ತಿತ್ತು. ಟಪ್... ಟಪ್...

ಅಣ್ಣ ಪೊಲೀಸ್ ಅಧಿಕಾರಿ, ತಲೆ ನರೆತದ್ದೇ ಕೊಲೆ ಕೇಸುಗಳಲ್ಲಿ. ಈ ಸಲ ಘಟ್ಟದ ಕೆಳಗೆ, ಸಮುದ್ರದ ದಂಡೆಯ ಮೀನುಗಾರರ ಊರೊಂದರಲ್ಲಿ ಅವನ ತನಿಖೆ. ಒಂದೇ ದೋಣಿಯ ಮೂವರು, ಒಬ್ಬನ ನಂತರ ಒಬ್ಬ, ರಾತ್ರಿ ತಾವಾಗಿ ಚಿಲಕ ತೆಗೆದು ಹೊರಗೆ ಹೋಗಿದ್ದರು. ಬೆಳಿಗ್ಗೆ ಮರಳ ಮೇಲೆ ಹೆಣ, ತಲೆ ಒಡೆದು. ಆ ದೋಣಿಯವರಲ್ಲಿ ಉಳಿದವನು ವಾಮನ ಒಬ್ಬ. ಅವನನ್ನಾದರೂ ಉಳಿಸಬೇಕೆಂಬುದು ಅಣ್ಣನ ಹಟ. ಬಾಗಿಲಿಗೆ ಪೇದೆ ಮಲ್ಲೇಶನನ್ನು ಕೂರಿಸಿ, ಒಂದೇ ರಾತ್ರಿಗೆಂದು ಊರಿಗೆ ಬಂದಿದ್ದ.

"ಪ್ರತಿ ಸಲ ಹೊರಗಿಂದ ಯಾರೋ ಕರೆದಿದ್ದಾರೆ," ಪಿಸುಗುಟ್ಟಿದ. "ಒಂದೇ ಸಲ. ನೆರೆಯವರು ಕೇಳಿದ್ದಾರೆ. ಗುರುತಿನ ದನಿ. ಒಮ್ಮೆ ಮಾವಂದು, ಒಮ್ಮೆ ತಮ್ಮಂದು..."

"ಅವರನ್ನ ಹಿಡಿದು ಕೇಳ್ಬೇಕಿತ್ತು."

"ಕೇಳದೆ ಬಿಟ್ಟೀನಾ ಮಾರಾಯ? ಆ ಹೊತ್ತಿಗೆ ಮನುಷ್ಯ ಬೇರೆ ಊರಲ್ಲಿ, ಹತ್ತು ಜನರ ಮುಂದೆ. ಕೋರ್ಟಿಗೆ ಏನು ಹೇಳ್ಲಿ? ಗಂಟಲಿಗೆ ಬೇಡಿ ಹಾಕಿ ಅಂತ್ಲಾ?"

ಆಗ ಬಾವಿಯೊಳಗಿಂದ... "ಸಾರ್."

ಒಂದೇ ಸಲ.

ಅಣ್ಣ ನಿಂತುಬಿಟ್ಟ. "ವಾಮನನ ದನಿ..."

"ಓಗೊಡಬೇಡ," ಎಂದೆ. ರಾತ್ರಿ ಕರೆದರೆ ನಮ್ಮ ಕಡೆ ಎರಡನೇ ಕರೆಗೆ ಕಾಯುತ್ತಾರೆ; ದೆವ್ವ ಕರೆಯುವುದು ಒಂದೇ ಸಲವಂತೆ. ನಾನು ಅದನ್ನೆಲ್ಲ ನಂಬಿದವನಲ್ಲ. ಬಾಯಿಗೆ ಮಾತ್ರ ಅದೇ ಬಂತು.

ಅವನು ಆಗಲೇ ಬಾವಿಕಟ್ಟೆಗೆ ಬಾಗಿದ್ದ. "ಬಾರೋ ವಾಮನ, ಹೊರಗೆ ಬಾ. ನಾನಿದ್ದೀನಿ."

ತೊಟ್ಟಿಕ್ಕುವುದು ನಿಂತಿತು.

ಮನೆ ತಲುಪಿದ ಮೇಲೆಯೇ ಸಿಗ್ನಲ್ ಸಿಕ್ಕಿದ್ದು. ಫೋನೆತ್ತಿದ ಮಲ್ಲೇಶನಿಗೆ ಗೊಂದಲ.

"ನೀವೇ ಕರೆದ್ರಲ್ಲ ಸಾರ್... ಹೊರಗೆ ಬಾ, ನಾನಿದ್ದೀನಿ ಅಂತ. ಆಗ್ಲೇ ನಿಮ್ಮತ್ರ ಕಳಿಸಿದ್ನಲ್ಲ."

ಬೆಳಿಗ್ಗೆ ವಾಮನನೂ ಮರಳ ಮೇಲಿದ್ದ.

ಈಗ ವಿಚಾರಣೆ ಅಣ್ಣನ ಮೇಲೆ. ಆ ಹೊತ್ತು ಅವನು ನನ್ನ ಪಕ್ಕದಲ್ಲಿದ್ದನೆಂದು ಹೇಳಿಕೆ ಕೊಟ್ಟೆ. ಬಾವಿಯ ವಿಷಯ ಬರೆದುಕೊಳ್ಳಲು ಅಧಿಕಾರಿ ಒಪ್ಪಲಿಲ್ಲ. ಪಂಪಿಟ್ಟು ಬಾವಿ ಬರಿದು ಮಾಡಿಸಿದೆವು. ಕೆಸರು, ಕಪ್ಪೆ. ಬೇರೇನಿಲ್ಲ. ಅಣ್ಣ ಕಟ್ಟೆಯ ಮೇಲೆ ಕೂತು ಆ ಕೆಸರನ್ನೇ ನೋಡುತ್ತಿದ್ದ. "ಒಂದು ಸುಳಿವಾದ್ರೂ ಬೇಡ್ವಾ..." ಎಂದ.

ವಾಮನನ ಮನೆಯೆದುರಿನ ಅಂಗಡಿಯ ಕ್ಯಾಮೆರಾದಲ್ಲಿ ದನಿ ದಾಖಲಾಗಿದೆ. ನನಗೂ ಕೇಳಿಸಿದರು. ಅಣ್ಣನದೇ, ಸಂಶಯವಿಲ್ಲ. ಅದು ಮುಗಿದ ಮೇಲೆ, ದೂರದಿಂದ, ಹೆಂಗಸೊಬ್ಬಳು ಕೂಗುತ್ತಾಳೆ... "ಬಂದ್ರಾ? ರೊಟ್ಟಿ ಆರ್ತಾ ಇದೆ."

ಅದು ನನ್ನ ಹೆಂಡತಿ ರಜನಿ. ಆ ರಾತ್ರಿ, ನಾವಿನ್ನೂ ಬಾವಿಯ ಹತ್ತಿರವಿದ್ದಾಗ, ನಮ್ಮ ಜಗಲಿಯಲ್ಲಿ ನಿಂತು ಕೂಗಿದ್ದು. ಆ ಊರಿಗೆ ಅವಳು ಯಾವತ್ತೂ ಹೋದವಳಲ್ಲ. ಮತ್ತೆ ಮತ್ತೆ ಹಾಕಿಸಿ ಕೇಳಿದ್ದೇನೆ. ರಜನಿಯೇ.