ಬಾವಿಯ ಗಾಳಿ ತುಂಬಿದ ಚೀಲ

ಮೊದಲೇ ಹೇಳಿಬಿಡುತ್ತೇನೆ, ನನಗೆ ಕತೆ ಹೇಳಿ ಅಭ್ಯಾಸವಿಲ್ಲ. ಹೆದರಿಸಬೇಕಾದ ಕಡೆ ವಿವರಿಸುತ್ತಾ ಕೂತುಬಿಡುತ್ತೇನೆ. ತಪ್ಪಾದರೆ ಹೊಟ್ಟೆಗೆ ಹಾಕಿಕೊಳ್ಳಿ. ಆದರೆ ಇದು ನಡೆದದ್ದು. ನನ್ನ ಚಿಕ್ಕಪ್ಪನ ಮಗನಿಗೇ ನಡೆದದ್ದು.

ಅವನು ಕಾರ್ಖಾನೆಯೊಂದರ ಲ್ಯಾಬಿನಲ್ಲಿ ಗಾಳಿ ಪರೀಕ್ಷೆ ಮಾಡುವವನು. ಯಾವ ಕೊಳವೆ ಕಂಡರೂ ಅದು ಕೂಡುವ ಕಡೆ ಸೋಪುನೀರು ಹಚ್ಚುತ್ತಾನೆ. ಗುಳ್ಳೆ ಎದ್ದರೆ ಸೋರಿಕೆ ಇದೆ ಎಂದರ್ಥ. ಹಾಗಾಗಿ ಎಲ್ಲರೂ ಅವನನ್ನು ಸೋಪುನೀರು ಅಂತಲೇ ಕರೆಯುತ್ತಾರೆ. ಮನೆಯಲ್ಲೂ.

ಆ ರಾತ್ರಿ ಸೋಪುನೀರು ತಡವಾಗಿ ಮನೆಗೆ ಹೊರಟಿದ್ದ. ಕಾರ್ಖಾನೆಯ ಹಿಂದಿನ ದಾರಿ. ಅಲ್ಲೊಂದು ಹಳೇ ಬಾವಿ. ಸಿಟ್ಟಿಗೆ ಅವನ ಮೈಯೆಲ್ಲ ಉರಿಯುತ್ತಿತ್ತು.

ಸಿಟ್ಟು ಯಾಕೆಂದು ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಲ್ಯಾಬಿಗೆ ಹೊಸ ಯಂತ್ರ ಬಂದಿತ್ತು, ಗ್ಯಾಸ್ ಕ್ರೊಮ್ಯಾಟೊಗ್ರಾಫ್ ಅಂತ. ಗಾಳಿಯನ್ನು ಅದರೊಳಗೆ ಬಿಟ್ಟರೆ ಒಂದೊಂದು ಅನಿಲವನ್ನೂ ಬೇರೆ ಮಾಡಿ, ಪರದೆಯ ಮೇಲೆ ಒಂದೊಂದಕ್ಕೂ ಗುಡ್ಡದಂಥ ಗೆರೆ ಎಬ್ಬಿಸುತ್ತದೆ. ಜೊತೆಗೆ ಹೊಸ ಸಿಲಿಂಡರು, ಹೊಸ ರೆಗ್ಯುಲೇಟರು, ಗಾಳಿ ಹಿಡಿಯುವ ಹೊಸ ಚೀಲಗಳು. ಎಲ್ಲ ಹೊಸದು, ಯಾವುದೂ ನೆಟ್ಟಗಿಲ್ಲ. ಏನೂ ಬಿಡದಿದ್ದರೂ ಪರದೆ ತುಂಬ ಗುಡ್ಡಗಳು. "ಸೋರುತ್ತೆ ಸಾರ್, ಸೋರುತ್ತೆ" ಎಂದು ಅವನು ಮ್ಯಾನೇಜರ ತಲೆ ತಿಂದ. ಆ ಮಧ್ಯಾಹ್ನ ಕಾರಣ ಸಿಕ್ಕಿತು. ಯಂತ್ರ ಕೂಡಿಸಲು ಬಂದಿದ್ದವನು ಕೊಳವೆಯ ಬುಡದ ಪುಟ್ಟ ಉಂಗುರವನ್ನು ತಲೆಕೆಳಗಾಗಿ ಹಾಕಿ ಹೋಗಿದ್ದ! ತಿರುಗಿಸಿ ಬಿಗಿದ ಕೂಡಲೇ ಗೆರೆ ನಿಂತ ನೀರಿನ ಹಾಗೆ ಸಮವಾಯಿತು.

ಆಮೇಲೆ ಬಾವಿಯಿಂದ ತಂದಿದ್ದ ಗಾಳಿಯನ್ನು ಬಿಟ್ಟ. ಮರುದಿನ ಬೆಳಿಗ್ಗೆ ಹೂಳೆತ್ತಲು ಆ ಬಾವಿಗೆ ಜನ ಇಳಿಯುವುದಿತ್ತು. ಮೊದಲು ಇಳಿಯುವವರು ಅವನ ಭಾವ, ಸ್ವಂತ ಅಕ್ಕನ ಗಂಡ. ಒಳಗಿನ ಗಾಳಿ ಕೆಟ್ಟಿದ್ದರೆ ಇಳಿದವರು ಹತ್ತಿ ಬರುವುದಿಲ್ಲ. ಪರದೆ ನೋಡಿದ. ಆಮ್ಲಜನಕ ಕಡಿಮೆ. ಇಂಗಾಲದ ಡೈಆಕ್ಸೈಡ್ ಜಾಸ್ತಿ.

"ನಾಳೆ ಯಾರನ್ನೂ ಇಳಿಸಬೇಡಿ ಸಾರ್."

"ಯಾಕಪ್ಪಾ? ಯಂತ್ರ ಸೋರುತ್ತಲ್ಲ?" ಎಂದರು ಮ್ಯಾನೇಜರು.

"ಈಗ ಸೋರಲ್ಲ."

"ವಾರವೆಲ್ಲ ಸೋರ್ತಿತ್ತು, ಕೆಲಸ ನಿಲ್ಲಿಸೋ ಹೊತ್ತಿಗೆ ಸರಿಹೋಯ್ತಾ? ಮೊದಲು ನಿನ್ನ ಮಾತಿಗೆ ಸೋಪುನೀರು ಹಚ್ಚು, ಹೋಗು."

ಸುಳ್ಳು ಯಂತ್ರದ ಬಗ್ಗೆ ನಿಜ ಹೇಳಿದ್ದಕ್ಕೆ, ಈಗ ನಿಜ ಯಂತ್ರದ ಮಾತೂ ಸುಳ್ಳಾಗಿತ್ತು. ಅದಕ್ಕೇ ಸಿಟ್ಟು.

ಬಾವಿಕಟ್ಟೆಯ ಮೇಲೆ ಯಾರೋ ಕೂತಿದ್ದರು. ಹತ್ತಿರ ಹೋದ. ನೋಡಿದರೆ ಭಾವ. ನಾಳೆಯ ಹಗ್ಗವನ್ನು ಎಳೆದೆಳೆದು ನೋಡುತ್ತಿದ್ದರು.

"ಭಾವ, ನಾಳೆ ಇಳೀಬೇಡಿ."

"ಮೆಲ್ಲಗೆ ಮಾತಾಡೋ."

"ಯಾಕೆ?"

"ಕೇಳು…"

ಬಾವಿಯೊಳಗಿಂದ… ಹಾ… ಎಂದು ಸದ್ದು. ನಿಂತಿತು. ಮತ್ತೆ… ಹೂ…

"ಗಾಳಿ ಇರಬೇಕು," ಎಂದರು ಭಾವ. ಎಲೆಯೊಂದೂ ಅಲುಗುತ್ತಿರಲಿಲ್ಲ.

"ದಮ್ಮಯ್ಯ ಅಂತೀನಿ, ಇಳೀಬೇಡಿ."

"ನಿನ್ನ ಮಾತು ಕೇಳಿ ಕೂತ್ರೆ ನಿಮ್ಮಕ್ಕನ ಒಲೆ ಉರಿಯುತ್ತಾ? ಕೆಲಸದಿಂದ ತೆಗೆದುಹಾಕ್ತಾರೆ. ಇನ್ನೊಂದು ಸಲ ಗಾಳಿ ಹಿಡಿ. ನನ್ನ ಕಣ್ಣೆದುರಿಗೆ."

ಸೋಪುನೀರು ತನ್ನ ಬ್ಯಾಗಿನಿಂದ ಕೈಪಂಪು ತೆಗೆದ. ಅದರ ಬಾಯಿಗೆ ಗಾಳಿ ಹಿಡಿಯುವ ಚೀಲ ಸಿಕ್ಕಿಸಿ, ಉದ್ದನೆ ಕೊಳವೆಯನ್ನು ಬಾವಿಗೆ ಇಳಿಬಿಟ್ಟ. ಚುಯ್… ಟಪ್. ಚುಯ್… ಟಪ್. ಗಾಳಿಚೀಲ ಮೆಲ್ಲಗೆ ಉಬ್ಬತೊಡಗಿತು. ಕೈ ಸೋತಿತು. ಪಂಪು ನಿಲ್ಲಿಸಿದ.

ಚೀಲ ಉಬ್ಬುವುದು ನಿಲ್ಲಲಿಲ್ಲ.

ತಟಕ್ಕನೆ ಅದರ ವಾಲ್ವು ತಿರುಗಿಸಿ ಮುಚ್ಚಿದ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡದೆ ಲ್ಯಾಬಿಗೆ ನಡೆದರು.

ಇಲ್ಲೊಂದು ವಿಷಯ ಹೇಳಬೇಕು. ಲ್ಯಾಬಿನವರದು ಒಂದು ರೂಢಿ. ಹೊಸ ಯಂತ್ರ ಸರಿಯಿದೆಯೋ ಇಲ್ಲವೋ ನೋಡಲು ಚೀಲಕ್ಕೆ ಊದಿ, ತಮ್ಮ ಉಸಿರನ್ನೇ ಪರೀಕ್ಷಿಸುತ್ತಾರೆ. ಉಸಿರಿನಲ್ಲಿ ಯಾವ ಅನಿಲ ಎಷ್ಟೆಂದು ಗೊತ್ತಿರುವಂಥದ್ದು, ಪುಕ್ಕಟೆ ಬೇರೆ. ಆ ಮಧ್ಯಾಹ್ನ ಉಂಗುರ ಸರಿಮಾಡಿದ ಮೇಲೆ ಅವನೂ ಊದಿದ್ದ. ಆ ಗೆರೆ ಯಂತ್ರದಲ್ಲಿ ಇನ್ನೂ ಇತ್ತು.

ಈಗ ಬಾವಿಯ ಗಾಳಿ ಬಿಟ್ಟ. ಟಿಕ್… ಸುಯ್ಯ್… ಗುಡ್ಡಗಳು ಒಂದೊಂದಾಗಿ ಎದ್ದವು. ಅವನಿಗೆ ಏನನ್ನಿಸಿತೋ, ಮಧ್ಯಾಹ್ನದ ಗೆರೆಯನ್ನೂ ಅದರ ಮೇಲೆ ಹಾಕಿದ. ಎರಡು ಗೆರೆ ಹಾಕಿದ್ದ. ಕಂಡದ್ದು ಒಂದೇ.

"ಇದೇನೋ?"

"ನನ್ನ ಉಸಿರು."

"ಇನ್ನೊಂದೆಲ್ಲಿ?"

"ಅದರ ಕೆಳಗೇ ಇದೆ… ಅದೂ ಉಸಿರೇ ಭಾವ."

"ಹೂಳು ಕೊಳೆತ ಗಾಳಿ ಇರಬಹುದಲ್ಲ?"

"ಕೊಳೆತಿದ್ರೆ ಮೀಥೇನ್ ಬರಬೇಕು. ಒಂದು ಚೂರೂ ಇಲ್ಲ."

ಭಾವ ಪರದೆಯ ಹತ್ತಿರ ಬಗ್ಗಿ ನೋಡಿದರು. ಆಮೇಲೆ ಹೆಗಲ ಮೇಲಿದ್ದ ಹಗ್ಗ ತೆಗೆದು ನೆಲಕ್ಕಿಟ್ಟರು.

ಬೆಳಿಗ್ಗೆ ಮ್ಯಾನೇಜರು ದುಮುಗುಡುತ್ತಾ ಲ್ಯಾಬಿಗೆ ಬಂದರು. "ಭಾವ-ಭಾಮೈದ ಸೇರ್ಕೊಂಡು ನಾಟಕ ಆಡ್ತಿದೀರಾ?" ಸೋಪುನೀರು ಮೇಜಿನ ಮೇಲಿದ್ದ ಚೀಲ ತೋರಿಸಿದ.

ಅದು ತಗ್ಗಿತು… ಉಬ್ಬಿತು… ತಗ್ಗಿತು.

ಮ್ಯಾನೇಜರ ದನಿ ಇಳಿಯಿತು. "ಇದಕ್ಕೆ… ಸೋಪುನೀರು ಹಚ್ಚಿದ್ಯಾ?"

"ಹಚ್ಚಿದೆ ಸಾರ್. ಒಂದು ಗುಳ್ಳೇನೂ ಏಳಲಿಲ್ಲ."

ಮಧ್ಯಾಹ್ನದೊಳಗೆ ಬಾವಿಗೆ ಕಬ್ಬಿಣದ ಮುಚ್ಚಳ ಬಿತ್ತು. ಯಾರೂ ಇಳಿಯಲಿಲ್ಲ. ಭಾವ ಇವತ್ತಿಗೂ ಗಟ್ಟಿಮುಟ್ಟಾಗಿದ್ದಾರೆ, ಬೇಕಾದರೆ ಹೋಗಿ ಕೇಳಿ. ಆದರೆ ಆ ಚೀಲವನ್ನು ಲ್ಯಾಬಿನಲ್ಲಿ ಇಟ್ಟುಕೊಳ್ಳಲು ಯಾರೂ ಒಪ್ಪಲಿಲ್ಲ, ಅಕ್ಕನೂ ಹೊಸ್ತಿಲು ದಾಟಲು ಬಿಡಲಿಲ್ಲ. ಹಾಗಾಗಿ ಅದು ನಮ್ಮ ಮನೆಯ ಅಟ್ಟ ಸೇರಿತು. ನಂಬದಿದ್ದರೆ ತೋರಿಸುತ್ತೇನೆ. ಈಗ ಅಲುಗುವುದಿಲ್ಲ, ಸುಮ್ಮನೆ ಉಬ್ಬಿಕೊಂಡಿದೆ. ಅದೇ ನನಗೆ ತಿಳಿಯದ್ದು. ಯಾಕೆಂದರೆ ಎಂಥ ಚೀಲವಾದರೂ ದಿನ ಕಳೆದಂತೆ ಒಳಗಿನ ಗಾಳಿ ಪ್ಲಾಸ್ಟಿಕ್ಕಿನಲ್ಲೇ ಮೆಲ್ಲಗೆ ಜಿನುಗಿ ಹೋಗಬೇಕು, ಇದು ಎಂದೋ ಚಪ್ಪಟೆಯಾಗಬೇಕಿತ್ತು, ಆದರೆ ಇದರಲ್ಲಿ ಏನಾಗಿದೆ ಅಂದರೆ…

ತಡೆಯಿರಿ, ನನ್ನವಳು ಕರೆಯುತ್ತಿದ್ದಾಳೆ.

"ರೀ, ಸ್ವಲ್ಪ ಬನ್ನಿ ಇಲ್ಲಿ. ಅಟ್ಟದ ಮೇಲಿನ ಈ ಚೀಲ ಯಾಕೆ ಇಷ್ಟು ಬೆಚ್ಚಗಿದೆ?"