ಡೊರೀನಳ ಉಸಿರು

ಮಾನ್ಯ ಡೀನ್ ಅವರೇ, ಅಧ್ಯಾಪಕರೇ, ನಾಳೆಯ ವೈದ್ಯರೇ, ಕೋಟು ಬಿಚ್ಚದೆ ಚಳಿಯಲ್ಲಿ ಕುಳಿತಿರುವ ಸಭಿಕರೇ,

ನಾನು ವಾಲ್ಟರ್ ಹ್ರಿಂಚುಕ್. ಗೋಧಿ ಗೋದಾಮಿನಲ್ಲಿ ದುಡಿದವನು. ಮೈಕಿನ ಮುಂದೆ ನಿಂತವನಲ್ಲ. ನಮ್ಮ ಮನೆಯಲ್ಲಿ ಮಾತೆಲ್ಲ ನನ್ನ ಹೆಂಡತಿ ಡೊರೀನಳದ್ದೇ ಆಗಿತ್ತು. ಇಂದು ನೀವು ಸನ್ಮಾನಿಸುತ್ತಿರುವುದು ಅವಳನ್ನು. ಫಲಕ ಹೊರಲು ಬಂದವನು ನಾನು.

ಡೊರೀನಳ ಶ್ವಾಸಕೋಶಕ್ಕೆ ಹಳೆಯ ರೋಗ. ಅದರ ಕರಕರ ಸದ್ದನ್ನು ನೀವು ಪಾಠಕ್ಕೆಂದು ಧ್ವನಿಮುದ್ರಿಸಿದಿರಿ. ವಿದ್ಯಾರ್ಥಿಗಳು ಮನೆಯಲ್ಲಿ ಟ್ಯಾಬ್ಲೆಟ್‌ನಲ್ಲಿ ಅದನ್ನು ಕೇಳಿ ಕಲಿಯುವುದು, ಗುರುವಾರ ತರಗತಿಗೆ ಬಂದು ಅವಳ ಬೆನ್ನಿಗೇ ಸ್ಟೆತಾಸ್ಕೋಪ್ ಇಡುವುದು. ಒಳ್ಳೆಯ ಪದ್ಧತಿ. ನಾನು ಅದನ್ನು ದೂರಲು ಬಂದಿಲ್ಲ. ಗುರುವಾರ ಬಂತೆಂದರೆ ಅವಳು ಲಿಪ್‌ಸ್ಟಿಕ್ ಹಚ್ಚುತ್ತಿದ್ದಳು. "ಬೆನ್ನು ನೋಡೋಕೆ ಬರೋರಿಗೆ ತುಟಿ ಯಾಕೆ ತೋರಿಸ್ತೀಯೇ?" ಅಂದರೆ, "ನಿಂಗಂತೂ ಎರಡೂ ಕಾಣಲ್ಲ, ಸುಮ್ನೆ ಗಾಡಿ ಓಡ್ಸು" ಅನ್ನುತ್ತಿದ್ದಳು.

ಎರಡನೆಯ ವರ್ಷದ ಇಂಗ್ರಿಡ್ ಎಂಬ ಹುಡುಗಿ ಒಂದು ಗುರುವಾರ ಬಹಳ ಹೊತ್ತು ಆಲಿಸಿದಳು. "ಸರ್, ಬಲಗಡೆ ಕೆಳಗೆ ಉಸಿರೇ ಕೇಳಿಸ್ತಿಲ್ಲ. ಟ್ಯಾಬ್ಲೆಟ್‌ನಲ್ಲಿ ಹೀಗಿರಲಿಲ್ಲ," ಎಂದಳು.

"ಟ್ಯಾಬ್ಲೆಟ್‌ನಲ್ಲಿರೋದು ಇವರದೇ ಸದ್ದು ಕಣಮ್ಮ. ಸ್ಟೆತ್ ಸರಿಯಾಗಿ ಒತ್ತಿ ಹಿಡಿ," ಎಂದರು ಅಧ್ಯಾಪಕರು. ಹುಡುಗರು ನಕ್ಕರು. ಇಂಗ್ರಿಡ್ ಕೆಂಪಾದಳು. "ಹೌದು ಸರ್, ಈಗ ಕೇಳಿಸ್ತು," ಎಂದಳು.

ಧ್ವನಿಮುದ್ರಣ ಹಳೆಯದಾಗಿತ್ತು. ಯಂತ್ರ ಸುಳ್ಳು ಹೇಳಲಿಲ್ಲ. ಅಂದಿನ ಡೊರೀನಳ ಉಸಿರನ್ನು ಕೇಳಿಸಿತು. ಇಂದಿನವಳು ಅಲ್ಲೇ ಸ್ಟೂಲಿನ ಮೇಲೆ ಕುಳಿತಿದ್ದಳಲ್ಲವೇ?

ಹಿಮ ಕರಗುವ ಹೊತ್ತಿಗೆ ಅವಳಿಗೆ ಮೆಟ್ಟಿಲು ಹತ್ತಲಾಗಲಿಲ್ಲ. ಬಲಗಡೆ ನೀರು ತುಂಬಿತ್ತು. ನೀರಿನ ಹಿಂದೆ ಕ್ಯಾನ್ಸರ್ ಇತ್ತು. ಮೊದಲೇ ತಿಳಿದಿದ್ದರೆ ಉಳಿಯುತ್ತಿದ್ದಳೇ? ವೈದ್ಯರು ಹೇಳಲಿಲ್ಲ. ನಾನೂ ಒತ್ತಾಯಿಸಲಿಲ್ಲ.

ಇಂಗ್ರಿಡ್ ಆಸ್ಪತ್ರೆಗೆ ಬಂದು ಮಂಚದ ಪಕ್ಕ ಅತ್ತಳು. "ನಂಗೆ ಕೇಳಿಸಿರಲಿಲ್ಲ, ಆದ್ರೂ ಕೇಳಿಸ್ತು ಅಂದ್ಬಿಟ್ಟೆ," ಎಂದಳು. ಡೊರೀನ್ ಆಮ್ಲಜನಕದ ಮಾಸ್ಕಿನೊಳಗಿಂದಲೇ, "ಅಳೋದು ಬಿಟ್ಟು ಇನ್ನೊಂದ್ಸಲ ಕೇಳು ಮಗಳೇ. ಇವತ್ತು ಚೆನ್ನಾಗಿ ಕಲೀಬಹುದು," ಎಂದಳು. ಹುಡುಗಿ ಕೇಳಿದಳು. ಆಮೇಲೆ ಮತ್ತೆ ಬರಲಿಲ್ಲ.

ಡೊರೀನಳ ಧ್ವನಿಮುದ್ರಣ ಅಳಿಸಬೇಕೇ ಎಂದು ಕಾಲೇಜು ಕೇಳಿದೆ. ಬೇಡ. ಇರಲಿ. ಊಟವಾದ ಮೇಲೆ ನಾನೂ ಅದನ್ನು ಹಾಕಿಕೊಂಡು... ಇರಲಿ ಬಿಡಿ.

ಇಂದು ಬಂದದ್ದು ನಿಜಕ್ಕೂ ಇಂಗ್ರಿಡಳನ್ನು ನೋಡಲು. ಅವಳು ಓದು ಬಿಟ್ಟು ಹೋದಳೆಂದು ಬಾಗಿಲಲ್ಲಿ ಈಗಷ್ಟೇ ತಿಳಿಯಿತು. ಎಲ್ಲಿದ್ದಾಳೆಂದು ಯಾರಿಗೂ ಗೊತ್ತಿಲ್ಲವಂತೆ. ಈ ಸಭೆಯಲ್ಲಿ ಅವಳ ಗೆಳತಿಯರಿದ್ದರೆ ದಯವಿಟ್ಟು ತಿಳಿಸಿ: ಆ ಗುರುವಾರ ಆ ಕೋಣೆಯಲ್ಲಿ ನನ್ನ ಹೆಂಡತಿಯನ್ನು ಕೇಳಿಸಿಕೊಂಡವಳು ಅವಳೊಬ್ಬಳೇ.

ಇಷ್ಟು ಹೊತ್ತು ಸಹಿಸಿದಿರಿ, ಕೃತಜ್ಞ. ನಮಸ್ಕಾರ.