ಮೀಸೆ ನೋಡಿ ಮಾಡಿಸುವ ವಿಮೆ

ಹಲ್ಲಿನ ಡಾಕ್ಟರಿಗೆ ದಿನವಿಡೀ ಬಾಯಿ ತೆರೆದವರ ಸಹವಾಸ. ಮಾತು ಕೇಳುವ ಭಾಗ್ಯ ಮಾತ್ರ ಇಲ್ಲ. ಹಾಗಾಗಿ ವಿಮಾ ಕಚೇರಿಯಲ್ಲಿ ಸರದಿಗೆ ಕಾಯುತ್ತಿದ್ದ ಅವರು, ಪಕ್ಕದ ಬೆಂಚಿನಲ್ಲಿ ಹೊಸದಾಗಿ ಮನೆ ಕೊಂಡ ಗಂಡ ಹೆಂಡತಿ ಚರ್ಚೆಗಿಳಿದಾಗ ಪತ್ರಿಕೆಯನ್ನು ಸದ್ದಾಗದಂತೆ ಮಡಿಸಿದರು.

"ಸಾಲ ತೀರೋವರೆಗೂ ನನ್ನ ಜೀವಕ್ಕೆ ದೊಡ್ಡ ವಿಮೆ ಇರಲಿ ಕಣೇ. ನಾಳೆ ನಂಗೇನಾದ್ರೂ ಆದ್ರೆ ನೀನು ಬೀದಿಗೆ ಬರಬಾರದು."

"ಬಿಡ್ತು ಅನ್ನಿ. ಅಲ್ಲಾ ರೀ, ಮನೆ ಸಾಲದ ಕಂತು ಕಟ್ಟೋರು ಯಾರು?"

"ನಾವು."

"ನಾವು ಅಂದ್ರೆ?"

ಗಂಡ ಕೆಮ್ಮಿದ. "ನಿನ್ನ ಹೊಲಿಗೆ ಅಂಗಡಿ."

"ನಿಮ್ಮ ಸಂಬಳ?"

"ಅದು ದಿನಸಿಗೇ ಸಾಲಲ್ಲ."

"ಹಂಗಾದ್ರೆ ನಾನು ಹೋದ್ರೆ ಬೀದಿಗೆ ಬರೋದು ಯಾರು?"

"ಬಿಡ್ತು ಅನ್ನು!"

"ಅಂದೆ. ಈಗ ಹೇಳಿ."

"ವಿಮೆ ಅಂದ್ರೆ ಮನೆ ಯಜಮಾನಂಗೇ ಅಂತ ಅಪ್ಪ ಹೇಳ್ತಿದ್ರು..."

"ಮೀಸೆ ನೋಡಿ ವಿಮೆ ಮಾಡ್ಸಿದ್ರೆ, ಕಂತು ಮೀಸೆ ಕಟ್ಟುತ್ತಾ?"

ಡಾಕ್ಟರಿಗೆ ಕೆಮ್ಮು ಬಂತು. ತಮ್ಮದೂ ದಪ್ಪ ಮೀಸೆಯೇ.

"ಆಯ್ತಮ್ಮ ತಾಯಿ. ದೊಡ್ಡದು ನಿಂಗೆ, ಸಣ್ಣದು ನಂಗೆ. ಮನೆ ಗೋಡೆಗೊಂದು."

"ಹೊಲಿಗೆ ಮಿಷನ್ನುಗಳಿಗೂ. ಗೋಡೆ ಬಿದ್ರೆ ಮಿಷನ್ನು ಕಟ್ಟಿಸುತ್ತೆ. ಮಿಷನ್ನು ಸುಟ್ಟರೆ ಗೋಡೆ ಏನು ಹೊಲಿಯುತ್ತಾ?"

ಅಷ್ಟರಲ್ಲಿ ಕಿಟಕಿಯಾಚೆಯ ಗುಮಾಸ್ತ ಕರೆದ: "ಯಜಮಾನ್ರು ಬನ್ನಿ!"

ಗಂಡ ಎದ್ದು ನಿಂತು, ಇಡೀ ಕೋಣೆಗೆ ಕೇಳುವಂತೆ ಹೇಳಿದ:

"ನಮ್ಮನೆ ನಿಂತಿರೋದು ಇವರ ದುಡಿಮೆ ಮೇಲೆ. ಮೊದಲು ಇವರದ್ದು ಬರ್ಕೊಳ್ಳಿ."

ಅವಳು ಸೆರಗು ಸರಿಮಾಡಿಕೊಂಡು, ತಲೆಯೆತ್ತಿ ಕಿಟಕಿಯತ್ತ ನಡೆದಳು. ಹಿಂದೆ ಅವಳ ಕೈಚೀಲ ಹಿಡಿದ ಗಂಡ, ತಾನೇ ಗೆದ್ದವನ ಹಾಗೆ ಎದೆಯುಬ್ಬಿಸಿ ಹೊರಟ.